ಕೊಡಲಿ, ಕತ್ತಿ, ಬಿಲ್ಲು: ಲಾರ್ಡ್ ಆಫ್ ದಿ ರಿಂಗ್ಸ್ ಕಾರ್ಡ್ ಗೇಮ್‌ನಲ್ಲಿ ಆಯುಧದ ಕಾರ್ಡ್ ಓದುವುದು ಹೇಗೆ

ಎದುರಿಗೆ ಹಿಲ್ ಟ್ರೋಲ್. ಡಿಫೆನ್ಸ್ 3, ಹಿಟ್ ಪಾಯಿಂಟ್ 9. ನಿಮ್ಮ ಕಡೆ ಗಿಮ್ಲಿ ಇದ್ದಾನೆ, ಅವನ ಕೈಯಲ್ಲಿ ಡ್ವಾರ್ವನ್ ಆಕ್ಸ್, ಮೈಮೇಲೆ ಸಿಟಡೆಲ್ ಪ್ಲೇಟ್, ಕಾರ್ಡ್ ಮೇಲೆ 4 ಡ್ಯಾಮೇಜ್ ಟೋಕನ್. ಪಕ್ಕದಲ್ಲಿ ಲೆಗೊಲಾಸ್, ಅವನ ಹತ್ತಿರ ಬ್ಲೇಡ್ ಆಫ್ ಗಾಂಡೋಲಿನ್. ಇಬ್ಬರ ಕಾರ್ಡನ್ನೂ ಅಡ್ಡ ತಿರುಗಿಸಿ (ಬಳಸಿ ಆಯಿತು ಅನ್ನುವ ಗುರುತು) ಟ್ರೋಲ್ ಮೇಲೆ ಬಿಡುತ್ತೀರಿ. ಗಿಮ್ಲಿಯ ಅಟ್ಯಾಕ್ 2, ಅವನ ಗಾಯಗಳಿಗೆ 4 (ಪ್ರತಿ ಗಾಯಕ್ಕೂ ಅವನ ಅಟ್ಯಾಕ್ ಒಂದು ಏರುತ್ತದೆ), ಕೊಡಲಿಗೆ 2, ಅಲ್ಲಿಗೆ 8. ಲೆಗೊಲಾಸ್‌ನದು 3, ಕತ್ತಿಗೆ ಇನ್ನೊಂದು ಸೇರಿಸಿ 4. ಒಟ್ಟು 12. ಡಿಫೆನ್ಸ್ 3 ಕಳೆದರೆ ಸರಿಯಾಗಿ 9. ಟ್ರೋಲ್ ಸತ್ತಿತು.

ಸಾಯಲಿಲ್ಲ. ಬ್ಲೇಡ್ ಆಫ್ ಗಾಂಡೋಲಿನ್ ಕೊಡುವ +1 ಓರ್ಕ್ ಮೇಲೆ ದಾಳಿ ಮಾಡುವಾಗ ಮಾತ್ರ. ಟ್ರೋಲ್ ಓರ್ಕ್ ಅಲ್ಲ. ಲೆಕ್ಕ 11ಕ್ಕೆ ನಿಲ್ಲುತ್ತದೆ, ಡ್ಯಾಮೇಜ್ 8, ಟ್ರೋಲ್‌ಗೆ ಇನ್ನೂ ಒಂದು ಹಿಟ್ ಪಾಯಿಂಟ್ ಉಳಿದಿದೆ.

ನಮ್ಮ ಮನೆಯಲ್ಲಿ ಇದು ಹೀಗೇ ನಡೆಯಿತು. ಟೋಕನ್ ಎಲ್ಲ ಎತ್ತಿ ಡಬ್ಬಿಗೆ ಹಾಕಿ ಆಗಿತ್ತು. ಆಮೇಲೆ ತಂಗಿ ಆ ಕತ್ತಿಯ ಕಾರ್ಡ್ ತೆಗೆದುಕೊಂಡು ದೀಪದ ಕೆಳಗೆ ಹಿಡಿದು ಮೆಲ್ಲಗೆ ಓದಿದಳು. ಇಬ್ಬರೂ ಒಂದು ಕ್ಷಣ ಸುಮ್ಮನಾದೆವು. ಟ್ರೋಲ್‌ನ ವಾಪಸ್ ಇಟ್ಟು, ಅದರ ಮೇಲೆ 8 ಟೋಕನ್ ಎಣಿಸಿ ಹಾಕಿದೆವು. ಮುಂದಿನ ಸುತ್ತಿನಲ್ಲಿ ಅದು 6 ಅಟ್ಯಾಕ್‌ನಿಂದ ಬಂತು. ಸ್ನೋಬೋರ್ನ್ ಸ್ಕೌಟ್ ಒಬ್ಬನನ್ನು ಅಡ್ಡ ನಿಲ್ಲಿಸಿದೆ. ಅವನ ಡಿಫೆನ್ಸ್ 1, ಹಿಟ್ ಪಾಯಿಂಟ್ 1. ಸತ್ತುಹೋದ, ಮಿಕ್ಕ 4 ಡ್ಯಾಮೇಜ್ ನನ್ನ ಥ್ರೆಟ್‌ಗೆ, ಅಂದರೆ ನನ್ನ ಅಪಾಯದ ಅಂಕಕ್ಕೆ, ಸೇರಿತು, ಯಾಕಂದ್ರೆ ಹಿಲ್ ಟ್ರೋಲ್ ಕಾರ್ಡ್‌ನಲ್ಲೇ ಹಾಗೆ ಬರೆದಿದೆ. ಥ್ರೆಟ್ 50 ಮುಟ್ಟಿದರೆ ಆಟದಿಂದ ಔಟ್. ಒಂದು ಪಾಯಿಂಟ್‌ನ ವ್ಯತ್ಯಾಸ ಎಷ್ಟು ದೂರ ಹೋಗುತ್ತೆ ನೋಡಿ.

ಈ ಆಟದಲ್ಲಿ ಎಲ್ಲರೂ ಒಂದೇ ಕಡೆ. ಎದುರಾಳಿ ಅಂತ ಯಾರೂ ಇಲ್ಲ, ಶತ್ರುಗಳು ಬರುವುದು ಆಟದ ಕಾರ್ಡ್‌ಗಳಿಂದಲೇ. ಇಬ್ಬರು ಎದುರುಬದುರು ಆಡುವ ಆಟದಲ್ಲಿ ನೀವು ಒಂದು ಕಾರ್ಡನ್ನು ನಿಮಗೆ ಬೇಕಾದ ಹಾಗೆ ಓದಿದರೆ ಎದುರಿನವರು ತಕ್ಷಣ ಹಿಡಿಯುತ್ತಾರೆ. ಇಲ್ಲಿ ತಪ್ಪಾಗಿ ಓದಿದರೆ ಎಲ್ಲರಿಗೂ ಲಾಭ, ಹಾಗಾಗಿ ಯಾರೂ ಕೇಳೋದಿಲ್ಲ. ಆಯುಧದ ಕಾರ್ಡ್‌ಗಳಲ್ಲಿ ಈ ತಪ್ಪು ಜಾಸ್ತಿ ಆಗುತ್ತದೆ, ಯಾಕಂದ್ರೆ ಅವು ಚಿಕ್ಕ ಸಾಲುಗಳಲ್ಲಿ ದೊಡ್ಡ ಶಕ್ತಿ ಕೊಡುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಫ್ಯಾಂಟಸಿ ಫ್ಲೈಟ್ ಗೇಮ್ಸ್ 2011ರಲ್ಲಿ ತಂದ ಆಟ ಇದು. 2022ರಲ್ಲಿ ಪರಿಷ್ಕರಿಸಿದ ಕೋರ್ ಸೆಟ್ ಬಂತು, ಅದರಲ್ಲಿ 4 ಜನರ ತನಕ ಆಡಬಹುದು. ಪ್ರತಿಯೊಬ್ಬರಿಗೂ 3 ಹೀರೋಗಳ ತನಕ, ಜೊತೆಗೆ ಕನಿಷ್ಠ 50 ಕಾರ್ಡ್‌ನ ಡೆಕ್. ನಾನು ಕಾರ್ಡ್ ಹೆಸರುಗಳನ್ನು ಮೇಜಿನ ಮೇಲೆ ಹೇಳುವ ಹಾಗೇ ಇಟ್ಟಿದ್ದೇನೆ.

ಮೊದಲಿಗೆ, ಆಯುಧದ ಕಾರ್ಡ್ ಕೈಗೆ ಬಂದರೆ ಅದರ ನಂಬರ್ ನೋಡಬೇಡಿ. ಮೊದಲ ಸಾಲು ಓದಿ. ಯಾರಿಗೆ ಅಂಟಿಸಬೇಕು ಅಂತ ಅಲ್ಲಿರುತ್ತದೆ. ಹೀರೋ ಅಂತ ಇದ್ದರೆ ಹೀರೋಗೆ ಮಾತ್ರ, ಕ್ಯಾರೆಕ್ಟರ್ ಅಂತ ಇದ್ದರೆ ಹೀರೋ ಅಥವಾ ಅಲೈ (ಡೆಕ್‌ನಿಂದ ಆಡುವ ಸಹಾಯಕ) ಯಾರಿಗೆ ಬೇಕಾದರೂ. ಡ್ವಾರ್ವನ್ ಆಕ್ಸ್, ಬ್ಲೇಡ್ ಆಫ್ ಗಾಂಡೋಲಿನ್ ಎರಡೂ ಹೀರೋಗಳಿಗೆ. ರಿವೆಂಡೆಲ್ ಬ್ಲೇಡ್ ಮಾತ್ರ ನೋಲ್ಡೋರ್ ಅಥವಾ ಸಿಲ್ವನ್ ಟ್ರೇಟ್ (ಕಾರ್ಡ್ ಯಾವ ಬಗೆಯದು ಅಂತ ಹೇಳುವ ಪದ) ಇರುವ ಯಾವ ಕ್ಯಾರೆಕ್ಟರ್‌ಗಾದರೂ ಹೋಗುತ್ತದೆ. ಅಂದರೆ ಸಿಲ್ವರ್‌ಲೋಡ್ ಆರ್ಚರ್‌ನಂಥ ಅಲೈಗೂ ಕೊಡಬಹುದು. ಆದರೆ ಅವಳ ಹಿಟ್ ಪಾಯಿಂಟ್ ಒಂದೇ ಒಂದು. ಅವಳು ಹೋದರೆ ಕತ್ತಿಯೂ ಅವಳ ಜೊತೆ ಹೋಗುತ್ತದೆ. ನಿಯಮ ಒಪ್ಪುತ್ತದೆ, ನಾನಂತೂ ಕೊಡುವುದಿಲ್ಲ.

ಹೊಸಬರು ಇಲ್ಲಿ ಮತ್ತೊಂದು ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಕತ್ತಿ ಟ್ಯಾಕ್ಟಿಕ್ಸ್ ಕಾರ್ಡ್, ಅರಗಾರ್ನ್ ಲೀಡರ್‌ಶಿಪ್ ಹೀರೋ, ಅವನಿಗೆ ಕೊಡಬಹುದಾ? ಧಾರಾಳವಾಗಿ ಕೊಡಿ. ಸ್ಫಿಯರ್, ಅಂದರೆ ಟ್ಯಾಕ್ಟಿಕ್ಸ್, ಲೀಡರ್‌ಶಿಪ್‌ನಂಥ ವಿಭಾಗ, ನೋಡುವುದು ದುಡ್ಡು ಕೊಡುವಾಗ ಮಾತ್ರ. ಟ್ಯಾಕ್ಟಿಕ್ಸ್ ಹೀರೋನ ರಿಸೋರ್ಸ್‌ನಿಂದ ಬೆಲೆ ಕೊಟ್ಟರೆ ಸಾಕು, ಆಮೇಲೆ ಕಾರ್ಡ್ ಒಪ್ಪುವ ಯಾರ ಕೈಗಾದರೂ ಕೊಡಬಹುದು. ಬೆಲೆ ಸೊನ್ನೆ ಇದ್ದರೂ ಆ ಸ್ಫಿಯರ್‌ನ ಒಬ್ಬ ಹೀರೋ ನಿಮ್ಮ ಬಳಿ ಇರಲೇಬೇಕು, ಇದನ್ನು ಮರೆಯಬೇಡಿ.

ಪಕ್ಕದವರ ಹೀರೋಗೆ ಕೊಡಬಹುದಾ ಅಂದರೆ ಅದೂ ಸರಿ. ಕೊಟ್ಟ ಮೇಲೆ ಆ ಕಾರ್ಡ್‌ನ ಹಿಡಿತ ಅವರದ್ದು, ಬಳಸುವ ತೀರ್ಮಾನ ಅವರದ್ದು. ಕಾರ್ಡ್ ಕಳೆದುಹೋದಾಗ ಮಾತ್ರ ಅದು ಮೂಲ ಮಾಲೀಕರ, ಅಂದರೆ ನಿಮ್ಮ, ಡಿಸ್ಕಾರ್ಡ್ ಪೈಲ್‌ಗೆ ಬರುತ್ತದೆ.

ಇನ್ನು ರಿಸ್ಟ್ರಿಕ್ಟೆಡ್ ಎಂಬ ಪದ. ಇದರಲ್ಲಿ ಗೊಂದಲ ಬೇಡ. ಈ ಪದ ಇರುವ ಅಟ್ಯಾಚ್‌ಮೆಂಟ್ (ಕ್ಯಾರೆಕ್ಟರ್‌ಗೆ ಅಂಟಿಸುವ ಕಾರ್ಡ್) ಒಬ್ಬ ಕ್ಯಾರೆಕ್ಟರ್ ಹತ್ತಿರ ಎರಡಕ್ಕಿಂತ ಜಾಸ್ತಿ ಇರುವಂತಿಲ್ಲ. ಎರಡು ಕೈ ಅಂತ ಅಂದುಕೊಳ್ಳಿ, ನೆನಪಿರುತ್ತದೆ. ಆದರೆ ಕೈ ಅಂದ ತಕ್ಷಣ ಆಯುಧ ಮಾತ್ರ ಅಂದುಕೊಳ್ಳಬೇಡಿ, ತಪ್ಪಾಗುವುದೇ ಅಲ್ಲಿ. ಸಿಟಡೆಲ್ ಪ್ಲೇಟ್ ಕವಚ, ಹಾರ್ನ್ ಆಫ್ ಗಾಂಡೋರ್ ಕಹಳೆ, ಎರಡೂ ರಿಸ್ಟ್ರಿಕ್ಟೆಡ್. ರಿವೆಂಡೆಲ್ ಬೋ ಬಿಲ್ಲು, ಪಕ್ಕಾ ಆಯುಧ, ಅದರ ಮೇಲೆ ಆ ಪದವೇ ಇಲ್ಲ. ಅಂದರೆ ವೆಪನ್ ಎಂಬ ಟ್ರೇಟ್ ಬೇರೆ, ರಿಸ್ಟ್ರಿಕ್ಟೆಡ್ ಎಂಬ ಕೀವರ್ಡ್ ಬೇರೆ. ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ಪದ ಹುಡುಕಿ.

ಮೂರನೆಯದು ಬಂದರೆ? ಗಿಮ್ಲಿಗೆ ಕೊಡಲಿ ಇದೆ, ಪ್ಲೇಟ್ ಇದೆ, ಈಗ ಬ್ಲೇಡ್ ಆಫ್ ಗಾಂಡೋಲಿನ್ ಕೊಡಬೇಕು ಅನ್ನಿಸಿತು. ಕೊಡಬಹುದು. ಆದರೆ ಆ ಕ್ಷಣವೇ ಮೂರರಲ್ಲಿ ಒಂದನ್ನು ಡಿಸ್ಕಾರ್ಡ್ ಮಾಡಬೇಕು. ಬದಲಾಯಿಸಿಕೊಳ್ಳಲು ಇದೇ ದಾರಿ. ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡುವುದು ಸುಮ್ನೆ ಆಗುವುದಿಲ್ಲ, ಹಾಗೆ ಮಾಡಲು ಬಿಡುವ ಕಾರ್ಡ್ ಬೇರೆ ಬೇಕು.

ಒಂದೇ ಹೆಸರಿನ ಎರಡು ಆಯುಧ ಒಬ್ಬನಿಗೇ ಕೊಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಕಾರ್ಡ್ ಬೇಡ ಅನ್ನದಿದ್ದರೆ ಕೊಡಬಹುದು. ಎರಡು ಬ್ಲೇಡ್ ಆಫ್ ಗಾಂಡೋಲಿನ್ ಇದ್ದರೆ ಓರ್ಕ್ ಮೇಲೆ +2. ಎರಡು ರಿವೆಂಡೆಲ್ ಬ್ಲೇಡ್ ಇದ್ದರೆ ಶತ್ರುವಿನ ಡಿಫೆನ್ಸ್‌ನಿಂದ 4 ಹೋಗುತ್ತದೆ. ಬೇಡ ಅನ್ನುವುದು ಹೇಗಿರುತ್ತದೆ ಅಂದರೆ, ರಿವೆಂಡೆಲ್ ಬೋ ಮೇಲೆ ಒಬ್ಬ ಕ್ಯಾರೆಕ್ಟರ್‌ಗೆ ಒಂದೇ ಅಂತ ಸ್ಪಷ್ಟವಾಗಿ ಬರೆದಿದೆ. ಹೆಸರಿನ ಪಕ್ಕ ಯುನೀಕ್ ಗುರುತು ಇದ್ದರೆ ಇಡೀ ಮೇಜಿನಲ್ಲಿ ಆ ಹೆಸರಿನದು ಒಂದೇ.

ರಿವೆಂಡೆಲ್ ಬ್ಲೇಡ್ ವಿಷಯ ಬಂತಲ್ಲ, ಒಂದು ಮಾತು. ಡಿಫೆನ್ಸ್ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಿಲ್ ಟ್ರೋಲ್‌ನ ಡಿಫೆನ್ಸ್ 3, ಎರಡು ಬ್ಲೇಡ್‌ನಿಂದ 4 ಕಳೆದರೆ ಸೊನ್ನೆ, ಮೈನಸ್ ಒಂದು ಅಲ್ಲ. ಆ ಮಿಕ್ಕ ಒಂದನ್ನು ಡ್ಯಾಮೇಜ್‌ಗೆ ಸೇರಿಸುವವರನ್ನು ನೋಡಿದ್ದೇನೆ.

ಈಗ ಲೆಕ್ಕದ ಸಾಲು. ಡ್ವಾರ್ವನ್ ಆಕ್ಸ್ +1 ಕೊಡುತ್ತದೆ, ಹೀರೋ ಡ್ವಾರ್ಫ್ ಆಗಿದ್ದರೆ ಅದರ ಬದಲಿಗೆ +2. ಬದಲಿಗೆ ಅನ್ನುವುದೇ ಇಲ್ಲಿ ಮುಖ್ಯ. ಗಿಮ್ಲಿಗೆ 1 ಮತ್ತು 2 ಸೇರಿ 3 ಸಿಗುವುದಿಲ್ಲ, ಒಟ್ಟು 2 ಮಾತ್ರ. ಡ್ಯಾಗರ್ ಆಫ್ ವೆಸ್ಟರ್ನೆಸ್ ಕೂಡ ಹೀಗೇ. ಮಾಮೂಲಿಗೆ +1, ಶತ್ರುವಿನ ಎಂಗೇಜ್‌ಮೆಂಟ್ ಕಾಸ್ಟ್ (ಎಷ್ಟು ಥ್ರೆಟ್‌ಗೆ ಅದು ತಾನಾಗಿ ಮೇಲೆ ಬರುತ್ತದೆ ಅನ್ನುವ ಅಂಕ) ನಿಮ್ಮ ಥ್ರೆಟ್‌ಗಿಂತ ಹೆಚ್ಚಿದ್ದರೆ ಬದಲಿಗೆ +2. ಹೆಚ್ಚು ಅಂದರೆ ಹೆಚ್ಚು, ಸಮ ಅಲ್ಲ. ಹಿಲ್ ಟ್ರೋಲ್‌ನದು 30. ನಿಮ್ಮ ಥ್ರೆಟ್ 29 ಇದ್ದರೆ +2, ಸರಿಯಾಗಿ 30 ಆದರೆ +1. ಇನ್ನೊಂದು ವಿಷಯ, ಥ್ರೆಟ್ ಕಡಿಮೆ ಇದ್ದಾಗ ಆ ಶತ್ರು ತಾನಾಗಿ ನಿಮ್ಮ ಮೇಲೆ ಬರುವುದಿಲ್ಲ. ನೀವೇ ಎನ್‌ಕೌಂಟರ್ ಫೇಸ್‌ನಲ್ಲಿ ಅದನ್ನು ಕರೆದುಕೊಳ್ಳಬೇಕು. ಹಾಗಾಗಿ ಈ ಬಾಕು ಥ್ರೆಟ್ ಕಡಿಮೆ ಇಟ್ಟುಕೊಂಡು ಆಡುವವರಿಗೆ ಹೇಳಿ ಮಾಡಿಸಿದ ಆಯುಧ.

ಒಟ್ಟು ಹೊಡೆತದ ಲೆಕ್ಕದಲ್ಲಿ ಒಂದು ಹಳೇ ತಪ್ಪು ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಶತ್ರುವಿನ ಮೇಲೆ ನಿಮ್ಮ ಮೂವರು ಹೋದರೆ ಮೂವರ ಅಟ್ಯಾಕ್ ಮೊದಲು ಕೂಡಿಸಿ, ಆಮೇಲೆ ಒಂದೇ ಸಲ ಡಿಫೆನ್ಸ್ ಕಳೆಯಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳೆಯುವುದಲ್ಲ. ಈ ತಪ್ಪು ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ.

ಟ್ರೇಟ್ ನೋಡುವಾಗ ಹೆಸರನ್ನು ನಂಬಬೇಡಿ. ಮಿಸ್ಟಿ ಮೌಂಟನ್ ಗಾಬ್ಲಿನ್ಸ್ ಹೆಸರಲ್ಲಿ ಓರ್ಕ್ ಇಲ್ಲ, ಆದರೆ ಟ್ರೇಟ್ ಸಾಲಿನಲ್ಲಿ ಗಾಬ್ಲಿನ್ ಜೊತೆಗೆ ಓರ್ಕ್ ಅಂತಲೂ ಇದೆ. ಅದರ ಡಿಫೆನ್ಸ್ 1, ಹಿಟ್ ಪಾಯಿಂಟ್ 3. ಲೆಗೊಲಾಸ್ ಒಬ್ಬನೇ 3ರಿಂದ ಹೊಡೆದರೆ ಉಳಿಯುತ್ತದೆ, ಬ್ಲೇಡ್ ಇದ್ದರೆ 4 ಆಗಿ ಸರಿಯಾಗಿ ಸಾಯುತ್ತದೆ. ಟ್ರೋಲ್ ಮೇಲೆ ಏನೂ ಮಾಡದ ಕತ್ತಿ ಇಲ್ಲಿ ಪೂರ್ತಿ ಕೆಲಸ ಮುಗಿಸಿತು, ಅಲ್ವಾ.

ಅದೇ ಕತ್ತಿಯ ಎರಡನೇ ಸಾಲು ಬೇರೆ ತರಹ. ಅದು ರೆಸ್ಪಾನ್ಸ್: ಹೀರೋ ದಾಳಿ ಮಾಡಿ ಒಂದು ಶತ್ರುವನ್ನು ನಾಶ ಮಾಡಿದ ಮೇಲೆ ಈಗಿನ ಕ್ವೆಸ್ಟ್ (ಗೆಲ್ಲಲು ಮುಗಿಸಬೇಕಾದ ಹಂತ) ಮೇಲೆ 1 ಪ್ರೋಗ್ರೆಸ್ ಟೋಕನ್ ಇಡಬಹುದು. ಈ ಸಾಲಿನಲ್ಲಿ ಓರ್ಕ್ ಅಂತ ಇಲ್ಲ. ಯಾವ ಶತ್ರುವಾದರೂ ಸರಿ. ಲೆಗೊಲಾಸ್ ಬ್ಲ್ಯಾಕ್ ಫಾರೆಸ್ಟ್ ಬ್ಯಾಟ್ಸ್ ಹೊಡೆದರೂ ಟೋಕನ್ ಸಿಗುತ್ತದೆ, ಬಾವಲಿಗೆ +1 ಸಿಗದಿದ್ದರೂ ಪರವಾಗಿಲ್ಲ. ಒಂದು ಕಾರ್ಡ್‌ನ ಎರಡು ಸಾಲಿಗೆ ಎರಡು ಬೇರೆ ಶರತ್ತು ಇರುತ್ತವೆ, ಮೇಲಿನ ಶರತ್ತನ್ನು ಕೆಳಗಿನ ಸಾಲಿಗೆ ಎಳೆಯಬೇಡಿ.

ಲೆಗೊಲಾಸ್‌ಗೆ ತನ್ನದೇ ರೆಸ್ಪಾನ್ಸ್ ಇದೆ, ಅವನು ಸೇರಿದ ದಾಳಿಯಲ್ಲಿ ಶತ್ರು ಸತ್ತರೆ 2 ಟೋಕನ್. ಕತ್ತಿಯದು 1. ಒಂದು ಸಾವಿಗೆ 3. ಎರಡು ಕತ್ತಿ ಇದ್ದರೆ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಒಟ್ಟು 4. ಇವನಿಗೆ ಅನ್‌ಎಕ್ಸ್‌ಪೆಕ್ಟೆಡ್ ಕರೇಜ್ ಕೊಟ್ಟು ಮತ್ತೆ ಎಬ್ಬಿಸಿ ಇನ್ನೊಂದು ಶತ್ರುವನ್ನು ಕೊಂದರೆ ಇನ್ನೂ 4. ಕತ್ತಿಯ ರೆಸ್ಪಾನ್ಸ್ ಅದನ್ನು ಅಡ್ಡ ತಿರುಗಿಸಿ ಅಂತ ಕೇಳುವುದಿಲ್ಲ, ಹಾಗಾಗಿ ಪ್ರತಿ ಸಾವಿಗೂ ಬರುತ್ತದೆ. ನನಗೆ ಈ ಆಟದಲ್ಲಿ ಅತಿ ಇಷ್ಟದ ಕ್ಷಣ ಇದು: ಕ್ವೆಸ್ಟ್ ಫೇಸ್‌ನಲ್ಲಿ ಏನೂ ಸಾಗದೆ ಎಲ್ಲರೂ ಮುಖ ಬಾಡಿಸಿಕೊಂಡು ಕೂತಿರುವಾಗ ಯುದ್ಧದ ನಡುವೆ ದಾರಿ ತೆರೆಯುವುದು.

ಆದರೆ ಆ ಟೋಕನ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನೋಡಿ. ಆ್ಯಕ್ಟಿವ್ ಲೊಕೇಶನ್ (ನೀವು ಈಗ ಇರುವ ಜಾಗದ ಕಾರ್ಡ್) ಒಂದು ಇದ್ದರೆ ಕ್ವೆಸ್ಟ್‌ಗೆ ಹೋಗಬೇಕಾದ ಟೋಕನ್ ಮೊದಲು ಅದರ ಮೇಲೆ ಬೀಳುತ್ತದೆ. ಕ್ವೆಸ್ಟ್ ಫೇಸ್‌ಗೆ ಮಾತ್ರ ಈ ನಿಯಮ ಅಂದುಕೊಂಡು ಲೆಗೊಲಾಸ್‌ನ ಟೋಕನ್ ನೇರವಾಗಿ ಕ್ವೆಸ್ಟ್ ಮೇಲೆ ಇಡುವುದು ತಪ್ಪು. ಓಲ್ಡ್ ಫಾರೆಸ್ಟ್ ರೋಡ್‌ಗೆ 3 ಪಾಯಿಂಟ್ ಬೇಕು. ಲೆಗೊಲಾಸ್ 2, ಕತ್ತಿ 1, ಅದು ಅಲ್ಲಿಗೇ ಮುಗಿಯಿತು, ಕ್ವೆಸ್ಟ್‌ಗೆ ಏನೂ ಇಲ್ಲ. ನಾಲ್ಕನೆಯದು ಇದ್ದಿದ್ದರೆ ಕ್ವೆಸ್ಟ್ ಮೇಲೆ ಬೀಳುತ್ತಿತ್ತು.

ಈಗ ಎಲ್ಲಕ್ಕಿಂತ ಹೆಚ್ಚು ವಾದ ಆಗುವ ಪ್ರಶ್ನೆ. ಡ್ಯಾಮೇಜ್ ಕೊಟ್ಟರೆ ಅದು ದಾಳಿಯಾ? ಅಲ್ಲ. ದಾಳಿ ಅಂದರೆ ಕ್ಯಾರೆಕ್ಟರ್‌ನ ಅಡ್ಡ ತಿರುಗಿಸಿ ಅಟ್ಯಾಕರ್ ಅಂತ ಘೋಷಿಸಿ ಅಟ್ಯಾಕ್‌ನಿಂದ ಡಿಫೆನ್ಸ್ ಕಳೆಯುವುದು. ಗಾಬ್ಲಿನ್ ಕ್ಲೀವರ್ ಎಂಬ ಈವೆಂಟ್ ತೆಗೆದುಕೊಳ್ಳಿ. ನಿಮ್ಮ ಹೀರೋನ ಒಂದು ವೆಪನ್ ಅನ್ನು ಅಡ್ಡ ತಿರುಗಿಸಿ, ನಿಮ್ಮ ಮೇಲೆ ಬಂದಿರುವ ಶತ್ರುವಿಗೆ 2 ಡ್ಯಾಮೇಜ್, ಓರ್ಕ್ ಆದರೆ 3. ಆಯುಧ ಬಳಸಿದ್ದೀರಿ, ಶತ್ರು ಸತ್ತಿದೆ. ಆದರೂ ಹೀರೋ ದಾಳಿ ಮಾಡಿಲ್ಲ. ಬ್ಲೇಡ್‌ನ ಟೋಕನ್ ಇಲ್ಲ, ಲೆಗೊಲಾಸ್‌ನ 2 ಟೋಕನ್ ಇಲ್ಲ. ಲಾಭವೂ ಇದೆ: ದಾಳಿ ಅಲ್ಲದ ಕಾರಣ ಡಿಫೆನ್ಸ್ ಕಳೆಯುವುದಿಲ್ಲ, 3 ಅಂದರೆ ಪೂರ್ತಿ 3 ತಗಲುತ್ತದೆ. ಗ್ಯಾಂಡಾಲ್ಫ್ ಬಂದಾಗ ಕೊಡುವ 4 ಡ್ಯಾಮೇಜ್‌ಗೂ ಇದೇ ನಿಯಮ.

ಫೋ ಹ್ಯಾಮರ್ ಇದರ ಅಕ್ಕಪಕ್ಕದ ಕಾರ್ಡ್, ಆದರೆ ಉಲ್ಟಾ. ನಿಮ್ಮ ಹೀರೋ ದಾಳಿ ಮಾಡಿ ಶತ್ರುವನ್ನು ಕೊಂದ ಮೇಲೆ ಅವನ ಒಂದು ವೆಪನ್ ಅಡ್ಡ ತಿರುಗಿಸಿ 3 ಕಾರ್ಡ್ ಎಳೆಯಬಹುದು. ಬೆಲೆ ಸೊನ್ನೆ. ಟ್ಯಾಕ್ಟಿಕ್ಸ್ ಡೆಕ್‌ಗೆ ಕಾರ್ಡ್ ಎಳೆಯುವ ದಾರಿ ಕಡಿಮೆ, ಹಾಗಾಗಿ ಇದು ಚಿನ್ನ. ಪ್ರಶ್ನೆ ಏನೆಂದರೆ, ಕೊಡಲಿ ಅಡ್ಡ ತಿರುಗಿದ ಮೇಲೆ ಅದರ +2 ಹೋಗುತ್ತದಾ? ಹೋಗುವುದಿಲ್ಲ. ಅಡ್ಡ ತಿರುಗಿದ ಆಯುಧವೂ ಹೀರೋಗೆ ಅಂಟಿಕೊಂಡೇ ಇದೆ, ಅದರ ಸದಾ ಇರುವ ಸಾಲು ಸದಾ ಇರುತ್ತದೆ. ಅಡ್ಡ ತಿರುಗಿದ್ದಕ್ಕೆ ಸಿಗದೇ ಹೋಗುವುದು ಒಂದೇ, ಮತ್ತೆ ಅಡ್ಡ ತಿರುಗಿಸುವ ಅವಕಾಶ. ಎರಡನೇ ಫೋ ಹ್ಯಾಮರ್ ಆಡಬೇಕಾದರೆ ಎರಡನೇ ಆಯುಧ ಬೇಕು, ಇಲ್ಲಾ ಅಡ್ಡ ತಿರುಗಿದ ಕಾರ್ಡ್‌ಗಳು ನೆಟ್ಟಗಾಗುವ ರಿಫ್ರೆಶ್ ಫೇಸ್ ತನಕ ಕಾಯಬೇಕು. ಒಂದೇ ಸಾವಿಗೆ ಬ್ಲೇಡ್‌ನ ಟೋಕನ್, ಫೋ ಹ್ಯಾಮರ್‌ನ ಕಾರ್ಡ್ ಎರಡನ್ನೂ ತೆಗೆದುಕೊಳ್ಳಬಹುದು.

ಬಿಲ್ಲಿನ ಬಗ್ಗೆ ಒಂದು ಚಿಕ್ಕ ಮಾತು. ರಿವೆಂಡೆಲ್ ಬೋ ರೇಂಜ್ಡ್ ಕೀವರ್ಡ್ ಕೊಡುತ್ತದೆ. ಕಾರ್ಡ್‌ನಲ್ಲೇ ರೇಂಜ್ಡ್ ಅಚ್ಚಾಗಿದ್ದರೆ ರೇಂಜ್ಡ್ ದಾಳಿಯಲ್ಲಿ +1. ರೇಂಜ್ಡ್ ದಾಳಿ ಅಂದರೆ ಬೇರೆ ಆಟಗಾರರ ಮೇಲೆ ಬಂದಿರುವ ಶತ್ರುವಿನ ಮೇಲೆ ಮಾಡುವ ದಾಳಿ. ನಿಮ್ಮೆದುರಿನ ಶತ್ರುವಿಗೆ ಬಾಣ ಬಿಟ್ಟರೆ ಆ +1 ಇಲ್ಲ. ಒಬ್ಬರೇ ಆಡುವವರು ಈ ಬಿಲ್ಲನ್ನು ಡೆಕ್‌ನಿಂದ ತೆಗೆದುಬಿಡಿ.

ರಕ್ಷಣೆ ಮಾಡುವಾಗ ಕೆಲಸ ಮಾಡುವ ಆಯುಧವೂ ಇದೆ. ಸ್ಪಿಯರ್ ಆಫ್ ದಿ ಸಿಟಡೆಲ್ ಹಿಡಿದವರು ಡಿಫೆಂಡರ್ ಅಂತ ಘೋಷಣೆಯಾದ ತಕ್ಷಣ ದಾಳಿ ಮಾಡುವ ಶತ್ರುವಿಗೆ 1 ಡ್ಯಾಮೇಜ್. ಶ್ಯಾಡೋ ಕಾರ್ಡ್ (ಶತ್ರುವಿನ ದಾಳಿಗೆ ಸೇರುವ, ಮುಚ್ಚಿಟ್ಟ ಕಾರ್ಡ್) ತಿರುಗಿಸುವ ಮೊದಲೇ. ಅಷ್ಟಕ್ಕೇ ಶತ್ರು ಸತ್ತರೆ ಶ್ಯಾಡೋ ನೋಡುವುದೇ ಬೇಡ, ದಾಳಿ ಅಲ್ಲಿಗೇ ಮುಗಿಯಿತು.

ಕೊನೆಗೆ, ಆಯುಧ ಕಳೆದುಕೊಳ್ಳುವ ವಿಷಯ. ಇಲ್ಲಿ ನಿಧಾನ ಮಾಡಿ. ಗಿಮ್ಲಿಗೆ ಹಿಟ್ ಪಾಯಿಂಟ್ 5, ಪ್ಲೇಟ್‌ನಿಂದ 4 ಸೇರಿ 9. ಅವನ ಮೇಲೆ 6 ಡ್ಯಾಮೇಜ್ ಇದೆ. ಪ್ರತಿ ಗಾಯಕ್ಕೂ +1, ಕೊಡಲಿ +2, ಒಟ್ಟು ಅಟ್ಯಾಕ್ 10. ಮೇಜಿನಲ್ಲಿ ಇವನಷ್ಟು ಜೋರು ಯಾರೂ ಇಲ್ಲ. ಇವನನ್ನೇ ಡಿಫೆನ್ಸ್‌ಗೆ ನಿಲ್ಲಿಸಿದಿರಿ, ಶ್ಯಾಡೋ ಕಾರ್ಡ್ ತಿರುಗಿಸಿದರೆ ಡ್ರಿವನ್ ಬೈ ಶ್ಯಾಡೋ. ಡಿಫೆಂಡ್ ಮಾಡುತ್ತಿರುವ ಕ್ಯಾರೆಕ್ಟರ್‌ನ ಒಂದು ಅಟ್ಯಾಚ್‌ಮೆಂಟ್ ಆಯ್ದು ಡಿಸ್ಕಾರ್ಡ್ ಮಾಡಿ ಅಂತ ಹೇಳುತ್ತದೆ.

ಆಯ್ಕೆ ನಿಮ್ಮದು. ಕೊಡಲಿ ಹೋಗುವುದು ಬೇಸರ, ಆದರೆ ಕೊಡಲಿಯನ್ನೇ ಕೊಡಿ. ಪ್ಲೇಟ್ ಕೊಟ್ಟರೆ ಗಿಮ್ಲಿಯ ಹಿಟ್ ಪಾಯಿಂಟ್ 5ಕ್ಕೆ ಇಳಿಯುತ್ತದೆ, ಮೇಲೆ ಗಾಯ 6 ಇವೆ, ಆ ಕ್ಷಣವೇ ಸಾಯುತ್ತಾನೆ. ಸಾಯುತ್ತಿದ್ದಂತೆ ಕೊಡಲಿಯೂ ಡಿಸ್ಕಾರ್ಡ್. ಅಷ್ಟೇ ಅಲ್ಲ, ಡ್ಯಾಮೇಜ್ ಲೆಕ್ಕ ಹಾಕುವ ಮೊದಲೇ ಡಿಫೆಂಡರ್ ಇಲ್ಲವಾದ ಕಾರಣ ಆ ದಾಳಿಯನ್ನು ಯಾರೂ ತಡೆಯಲಿಲ್ಲ ಅಂತ ಲೆಕ್ಕ. ಪೂರ್ತಿ ಡ್ಯಾಮೇಜ್ ನಿಮ್ಮ ಇನ್ನೊಬ್ಬ ಹೀರೋ ಮೇಲೆ, ಡಿಫೆನ್ಸ್ ಕಳೆಯದೆ. ಮೊದಲಿಂದಲೇ ಯಾರನ್ನೂ ನಿಲ್ಲಿಸದೆ ಬಿಟ್ಟಿದ್ದರೆ ಇನ್ನೂ ಕಷ್ಟ, ಇದೇ ಶ್ಯಾಡೋ ಆಗ ನಿಮ್ಮ ಎಲ್ಲಾ ಅಟ್ಯಾಚ್‌ಮೆಂಟ್ ತೆಗೆದುಕೊಂಡು ಹೋಗುತ್ತದೆ. ಆಯುಧ ತುಂಬಿಕೊಂಡ ಡೆಕ್ ಇದ್ದವರು ದಾಳಿಯನ್ನು ತಡೆಯದೆ ಬಿಡುವ ಮುನ್ನ ಇದನ್ನು ನೆನೆಯಿರಿ.

ಕಳೆದ ಕೊಡಲಿಯನ್ನು ಮರಳಿ ತರಲು ಕೋರ್ ಸೆಟ್‌ನಲ್ಲೇ ಎರೆಬೋರ್ ಹ್ಯಾಮರ್‌ಸ್ಮಿತ್ ಇದ್ದಾನೆ. ಲೋರ್ ಸ್ಫಿಯರ್, ಬೆಲೆ 2. ಅವನನ್ನು ಆಡಿದ ಮೇಲೆ ಯಾರ ಡಿಸ್ಕಾರ್ಡ್ ಪೈಲ್‌ನಿಂದಾದರೂ ತೀರಾ ಮೇಲಿರುವ ಅಟ್ಯಾಚ್‌ಮೆಂಟ್ ಅವರ ಕೈಗೆ ಬರುತ್ತದೆ. ತೀರಾ ಮೇಲಿರುವುದು ಮಾತ್ರ, ಒಳಗೆ ಕೈಹಾಕಿ ಬೇಕಾದ್ದು ಹುಡುಕುವಂತಿಲ್ಲ. ಬರುವುದು ಕೈಗೆ, ನೇರ ಗಿಮ್ಲಿ ಹತ್ತಿರ ಅಲ್ಲ. ಆಯುಧ ಆಡಲು ಪ್ಲಾನಿಂಗ್ ಫೇಸ್ ಒಂದೇ ಅವಕಾಶ, ಶತ್ರು ಹೊರಬೀಳುವುದು ಅದಾದ ಮೇಲೆ ಕ್ವೆಸ್ಟ್ ಫೇಸ್‌ನಲ್ಲಿ. ಹಾಗಾಗಿ ಹ್ಯಾಮರ್‌ಸ್ಮಿತ್ ಆಡುವ ಸುತ್ತಿನಲ್ಲೇ ಕೊಡಲಿಗೂ 2 ಟ್ಯಾಕ್ಟಿಕ್ಸ್ ರಿಸೋರ್ಸ್ ಎತ್ತಿಟ್ಟುಕೊಂಡಿರಿ. ಇಲ್ಲದಿದ್ದರೆ ಕೊಡಲಿ ಕೈಯಲ್ಲೇ ಇರುತ್ತದೆ, ಗಿಮ್ಲಿ ಇನ್ನೊಂದು ಸುತ್ತು ಬರಿಗೈಯಲ್ಲಿ ಹೋಗುತ್ತಾನೆ.